ಔಷಧಿ ಹೊಡೆಯದೆ ಬಿಟ್ಟ ಸಾಲುಗಳು

ಹೋದ ವರ್ಷದ ಮುಂಗಾರಿನಲ್ಲಿ ನಾನು ದೇವಸಮುದ್ರ ಹೋಬಳಿಗೆ ಕ್ಷೇತ್ರ ಸಹಾಯಕನಾಗಿದ್ದೆ. ಹುದ್ದೆಯ ಹೆಸರು ದೊಡ್ಡದು. ಕೆಲಸ ಮಾತ್ರ ಚಳ್ಳಕೆರೆಯಿಂದ ಬಸ್ಸಿನಲ್ಲಿ ಬಂದು ರೈತರ ಹೊಲದಲ್ಲಿ ಎಲೆ ಮಗುಚಿ ಹುಳು ಹುಡುಕುವುದು. ಮಿಮಿಕ್ರಿ ನನ್ನ ಚಟ; ಬಸ್ಸಿನಲ್ಲಿ ಕಂಡಕ್ಟರನ ದನಿ ತೆಗೆದು ‘ಒಳಗೆ ಹೋಗ್ರಿ’ ಎಂದರೆ ಜನ ನಿಜವಾಗಿ ಒಳಗೆ ಹೋಗುತ್ತಿದ್ದರು. ನಮ್ಮ ವಿಜ್ಞಾನಿ ಸಾಹೇಬರ ಮೂಗಿನ ಮಾತೂ ನನ್ನ ಗಂಟಲಲ್ಲಿತ್ತು. ನನ್ನ ಸ್ವಂತ ದನಿ ಎಂಥದ್ದೆಂದು ಮಾತ್ರ ಯಾರಿಗೂ ಗೊತ್ತಿಲ್ಲ. ಫೋನ್ ಮಾಡಿದರೆ ಅವ್ವ ಈಗಲೂ ಮೊದಲು ‘ಯಾರಪ್ಪಾ’ ಎನ್ನುತ್ತಾಳೆ.

ಆ ಸಲ ಪ್ರಾತ್ಯಕ್ಷಿಕೆಗೆ ಸಿಕ್ಕಿದ್ದು ಓಬಕ್ಕ ಮತ್ತು ಅವರ ಗಂಡ ತಿಪ್ಪೇಸ್ವಾಮಿಯವರ ಶೇಂಗಾ ಹೊಲ. ಹೊಸ ಔಷಧಿಯೊಂದನ್ನು ಅರ್ಧ ಹೊಲಕ್ಕೆ ಸಿಂಪಡಿಸಿ, ಉಳಿದರ್ಧವನ್ನು ಹೋಲಿಕೆಗೆಂದು ಹಾಗೇ ಬಿಡಬೇಕಿತ್ತು. ಅದು ಹುಳು ಕೊಲ್ಲುವ ವಿಷವಲ್ಲ. ಸಾಹೇಬರು ಬದುವಿನ ಮೇಲೆ ನಿಂತು ಎಲಿಸಿಟರ್, ಕ್ಯಾಲ್ಸಿಯಂ ಸಿಗ್ನಲ್, ಜಾಸ್ಮೋನಿಕ್ ಆಮ್ಲ ಎಂದು ವಿವರಿಸಿದರು. ತಿಪ್ಪೇಸ್ವಾಮಿಯವರು ಆಕಳಿಸಿದರು. ಸಾಹೇಬರು ನೀರು ಕುಡಿಯಲು ಹೋದಾಗ ಅದನ್ನೇ ನಾನು ಆಡಿ ತೋರಿಸಿದೆ.

ಹುಳು ಎಲೆ ಕಡಿದಾಗ ಜೀವಕೋಶ ಒಡೆದು ಒಳಗಿನ ಸರಕು ಹೊರಗೆ ಚೆಲ್ಲುತ್ತದೆ. ಒಳಗಿರಬೇಕಾದ್ದು ಬೀದಿಗೆ ಬಂತೆಂದರೆ ಗೋಡೆ ಒಡೆದಿದೆ ಎಂದು ಪಕ್ಕದ ಕೋಶಕ್ಕೆ ಗೊತ್ತಾಗುತ್ತದೆ. ಆ ಸುದ್ದಿ ಕ್ಯಾಲ್ಸಿಯಂ ಅಲೆಯಾಗಿ, ಇನ್ನೂ ಕಡಿತ ಬೀಳದ ಎಲೆಗಳಿಗೂ ಮುಟ್ಟುತ್ತದೆ. ಗಿಡದಲ್ಲಿ ಜಾಸ್ಮೋನಿಕ್ ಆಮ್ಲವೆಂಬ ಹಾರ್ಮೋನು ಹೆಚ್ಚಿ, ಹುಳುವಿಗೆ ಅರಗದಂಥ ಪದಾರ್ಥಗಳು ತಯಾರಾಗುತ್ತವೆ. ತಿಂದ ಹುಳು ಸಾಯಲಿಕ್ಕಿಲ್ಲ, ಆದರೆ ಸೊರಗುತ್ತದೆ. ಎಲಿಸಿಟರ್ ಎಂಬ ನಮ್ಮ ಔಷಧಿ ಗಾಯವಿಲ್ಲದೆಯೇ ಗಾಯದ ಸುದ್ದಿ ಹಬ್ಬಿಸುತ್ತದೆ.

“ಅಂದ್ರೆ ನಿನ್ನಂಗೆ ಕಣಪ್ಪ. ಹುಳ ಇಲ್ದೇನೆ ಹುಳ ಬಂದಂಗೆ ಆಡ್ತೈತೆ,” ಎಂದರು ಓಬಕ್ಕ. ನನ್ನ ಮಿಮಿಕ್ರಿಗೆ ಅಷ್ಟು ಮರ್ಯಾದೆ ಅದುವರೆಗೆ ಯಾರೂ ಕೊಟ್ಟಿರಲಿಲ್ಲ.

ಅವರು ಪ್ರಯೋಗಕ್ಕೆ ಒಪ್ಪಿದ್ದು ಕುರಿಗಳಿಗಾಗಿ. ಕೊಯ್ಲಾದ ಮೇಲೆ ಶೇಂಗಾ ಬಳ್ಳಿಯೇ ಅವಕ್ಕೆ ಮೇವು. ಕೀಟನಾಶಕ ಬಿದ್ದ ಬಳ್ಳಿ ಹಾಕಲು ಓಬಕ್ಕನಿಗೆ ಧೈರ್ಯವಿಲ್ಲ. ತಿಪ್ಪೇಸ್ವಾಮಿಯವರಿಗೆ ಬೆಳೆಯ ಚಿಂತೆ. ವಿಷದ ಡಬ್ಬಿ ತಂದೇ ಇಟ್ಟಿದ್ದರು. ಔಷಧಿ ಹೊಡೆದ ಅರ್ಧ ಕಣ್ಣಿಗೆ ಕಾಣುವಷ್ಟು ಚೆನ್ನಾಗಿದ್ದರೆ ಸರಿ, ಇಲ್ಲದಿದ್ದರೆ ಹೊಲಕ್ಕೆಲ್ಲ ವಿಷವೇ ಎಂದು ಗಂಡಹೆಂಡಿರಲ್ಲಿ ಮಾತಾಗಿತ್ತು.

ಹೂವಿನ ಕಾಲಕ್ಕೆ ಸಿಂಪಡಿಸಿದೆವು. ಕೆಲವು ವಾರಗಳಲ್ಲಿ ಎಲೆ ತಿನ್ನುವ ಹುಳು ಬಂತು. ಬದುವಿನಾಚೆಯ ಪಕ್ಕದವರ ಹೊಲ ಜರಡಿಯಾಗಿತ್ತು. ಸಾಹೇಬರು ನೋಡಲು ಬಂದ ದಿನ ನಮ್ಮ ಎರಡೂ ಅರ್ಧ ಒಂದೇ ಥರ ಹಸಿರಾಗಿದ್ದವು. ವ್ಯತ್ಯಾಸವೇ ಇಲ್ಲ ಎಂದು ಸಾಹೇಬರ ಮುಖ ಸಪ್ಪಗಾಯಿತು.

“ಮದ್ದು ಹೊಡ್ದದ್ದೂ ಒಂದೆ, ಬಿಟ್ಟದ್ದೂ ಒಂದೆ ಐತಲ್ರಿ. ಹುಳ ಇನ್ನೂ ಈ ಕಡೆ ಬಂದಿಲ್ಲ, ಅಷ್ಟೆ. ನಾಳೆ ಬದು ದಾಟ್ತವೆ,” ಎಂದು ತಿಪ್ಪೇಸ್ವಾಮಿಯವರು ಡಬ್ಬಿ ತರಲು ಹೊರಟರು. ಓಬಕ್ಕ ಕುರಿಹಟ್ಟಿಯ ಕಡೆ ನೋಡಿದರು.

ಹಾಸ್ಯ ಮಾಡಲು ಏನೂ ಹೊಳೆಯದೆ ನಾನು ಕುಕ್ಕರುಗಾಲಲ್ಲಿ ಕುಳಿತು ಎಲೆ ಮಗುಚಿದೆ. ಹುಳು ಎರಡೂ ಕಡೆ ಇದ್ದವು, ಆದರೆ ಕಡ್ಡಿಯಂತೆ ಸಣ್ಣವು. ಬದುವಿನಾಚೆ ಅದೇ ಹುಳು ನನ್ನ ಕಿರುಬೆರಳಿನ ದಪ್ಪ. ಔಷಧಿ ಕಾಣದ ಸಾಲುಗಳಲ್ಲಿ ಗಿಡಗಳು ನೆಲಕ್ಕೊತ್ತಿಕೊಂಡು, ಜಜ್ಜಿದ ದಂಟಿನಲ್ಲಿ ಅಲ್ಲಲ್ಲಿ ಗಾಯ ಮಾಯ್ದ ಗುರುತಿತ್ತು. ಇದಕ್ಕೇನು ಮಾಡಿದ್ದೀರಿ ಎಂದು ಓಬಕ್ಕನನ್ನು ಕೇಳಿದೆ.

“ಡ್ರಮ್ ಉರುಳಿಸ್ದೆ. ಆ ಕಡೀಗೆ ಮದ್ದು ಹೊಡ್ದು ಈ ಕಡೀಗೆ ಏನೂ ಇಲ್ಲ ಅಂದ್ರೆ ಹೆಂಗಪ್ಪ? ಒಂದ್ ಕೂಸಿಗೆ ಉಣ್ಣಾಕಿಕ್ಕಿ ಇನ್ನೊಂದನ್ನ ನೋಡ್ತಾ ಕುಂದ್ರಸ್ದಂಗಾತು.”

ಹೂವಾದ ಮೇಲೆ ಶೇಂಗಾದ ಸೂಜಿಯಂಥ ಕಾಯಿದಂಟುಗಳು ಮಣ್ಣಿಗಿಳಿದು ಕಾಯಿ ಕಟ್ಟಲೆಂದು ಖಾಲಿ ಡ್ರಮ್ ಉರುಳಿಸುವ ರೂಢಿ ಉಂಟು. ಓಬಕ್ಕ ನ್ಯಾಯ ಸರಿದೂಗಿಸಲು, ನಾವು ಬಿಟ್ಟ ಅರ್ಧಕ್ಕೆ ಮಾತ್ರ ಉರುಳಿಸಿದ್ದರು. ನಮ್ಮದು ಸುಳ್ಳು ಗಾಯದ ಸುದ್ದಿ, ಅವರದು ನಿಜವಾದ ಗಾಯ. ಎರಡೂ ಕಡೆಯ ಗಿಡಗಳು ಎಚ್ಚೆತ್ತಿರಬೇಕು.

ಸಾಹೇಬರು ಸುಮಾರು ಹೊತ್ತು ಗಿಡ ನೋಡಿ, ನನ್ನತ್ತ ತಿರುಗಿ ಮೆಲ್ಲಗೆ ನಕ್ಕರು. “ಪ್ರಯೋಗ ಕೆಟ್ಟಿತು, ಪಾಲಯ್ಯ. ಬೆಳೆ ಕೆಟ್ಟಿಲ್ಲ.” ಒಂದು ಹೊಲ ನೋಡಿ ಖಚಿತವಾಗಿ ಹೇಳಲಾಗದು, ಆದರೆ ಸೊರಗಿದ ಹುಳುವಿಗೆ ಇಂದೇ ವಿಷ ಬೇಕಿಲ್ಲ ಎಂದು ತಿಪ್ಪೇಸ್ವಾಮಿಯವರಿಗೆ ತಿಳಿಸಿದರು. ನಾನು ದಿನವೂ ಬಂದು ನೋಡುವುದಾದರೆ ಡಬ್ಬಿ ಮುಟ್ಟುವುದಿಲ್ಲವೆಂದು ಅವರು ಒಪ್ಪಿದರು. ದಿನವೂ ಹೋದೆ. ಹುಳು ಬೆಳೆಯುವಷ್ಟರಲ್ಲಿ ಗೊರವಂಕ ಹಕ್ಕಿಗಳು ಹಿಂಡಾಗಿ ಬಂದು ಆರಿಸಿ ತಿಂದವು. ಡಬ್ಬಿಯ ಬಿರಡೆ ತೆಗೆಯಲೇ ಇಲ್ಲ. ಕೊಯ್ಲಾದ ಮೇಲೆ ಕುರಿಗಳು ಬಳ್ಳಿ ತಿನ್ನುವುದನ್ನು ತೋರಿಸಲು ಓಬಕ್ಕ ನನ್ನನ್ನು ಕರೆಸಿದರು. ಟಗರಿನಂತೆ ಅರಚಿದೆ. ಒಂದು ಕುರಿಯೂ ತಲೆ ಎತ್ತಲಿಲ್ಲ.

ಹೋಲಿಕೆಗೆ ಬಿಟ್ಟ ಸಾಲು ನಮಗೆ ಲೆಕ್ಕ, ಬಿತ್ತಿದವರಿಗೆ ಕೂಸು. ಅದನ್ನು ಹಾಗೇ ಬಿಡಬಲ್ಲಿರಾ ಎಂದು ಹೊಲ ಕೊಟ್ಟವರನ್ನು ಮೊದಲೇ ಕೇಳಬೇಕೆಂದು ಕಲಿತೆ. ಈ ವರ್ಷ ಯಾರ ದನಿಯನ್ನೂ ತೆಗೆಯದೆ ಕೇಳಿದೆ. “ಬಿಡ್ತೀನಿ ಬಿಡಪ್ಪ. ಆ ಕಡೆ ಮಾತ್ರ ನಾನು ನೋಡಲ್ಲ,” ಎಂದರು ಓಬಕ್ಕ. ಈಗ ಹೊಲಕ್ಕೆ ಬಂದರೆ ಆ ಸಾಲುಗಳಿಗೆ ಮುಖ ತಿರುಗಿಸಿಕೊಂಡೇ ನಡೆಯುತ್ತಾರೆ. ಆ ನಡಿಗೆ ನನಗಿನ್ನೂ ಸರಿಯಾಗಿ ಬಂದಿಲ್ಲ; ಕಲಿಯುತ್ತಿದ್ದೇನೆ.