ಮೇಲೇನು ಬರ್ದಿದೆ ನೋಡು

ಮದುವೆಯಾದ ಹೊಸತರಲ್ಲಿ ನನ್ನ ಹೆಂಡತಿ ಫೋನ್ ಮಾಡಿದರೆ ಮೊದಲು ಕೇಳುತ್ತಿದ್ದದ್ದು ‘ಊಟ ಆಯ್ತಾ?’ ಅಂತ. ಬೆಳಿಗ್ಗೆ ಹತ್ತಕ್ಕೆ ಮಾಡಿದರೂ ಅದೇ, ಸಂಜೆ ಐದಕ್ಕೆ ಮಾಡಿದರೂ ಅದೇ. ನಾನು ಕೆಲಸ ಮಾಡುತ್ತಿದ್ದ ಕನ್ನಡಕದ ಅಂಗಡಿಯ ಫೋನು ಮಾಲೀಕರ ಮೇಜಿನ ಮೇಲಿತ್ತು. ಅವರು ರಿಸೀವರನ್ನು ನನ್ನ ಕಡೆ ಚಾಚಿ, ‘ತಗೊಳ್ಳಿ, ಊಟದ ಇಲಾಖೆ’ ಎಂದು ನಗುತ್ತಿದ್ದರು. ನನಗೆ ನಾಚಿಕೆಯಾಗಿ ಮನೆಗೆ ಹೋದ ಮೇಲೆ ಅವಳ ಮೇಲೆ ರೇಗುತ್ತಿದ್ದೆ. ಆ ಎರಡು ಮಾತು ಮುಂದೆ ಕೇಳಲು ಸಿಗುವುದಿಲ್ಲ ಎಂದು ಆಗ ಯಾರಾದರೂ ಹೇಳಿದ್ದರೆ, ಸದ್ಯ, ಪೀಡೆ ತೊಲಗಿತು ಎನ್ನುತ್ತಿದ್ದೆನೇನೋ.

ಅಂಗಡಿ ಇದ್ದದ್ದು ಶಿವಾಜಿನಗರದಲ್ಲಿ. ಮನೆ ಬಾಣಸವಾಡಿಯಲ್ಲಿ, ಅಪ್ಪ ಒಂದು ಕಾಲಕ್ಕೆ ರಾಗಿ ಬೆಳೆಯುತ್ತಿದ್ದ ಹೊಲದ ಅಂಚಿನಲ್ಲಿ. ಹೊಲ ಸೈಟುಗಳಾಗಿ ಹೋಯಿತು, ಮನೆ ಉಳಿಯಿತು. ತೊಂಬತ್ತರ ದಶಕದ ಮೊದಲಲ್ಲಿ ಮನೆಗೆ ಫೋನ್ ಬಂದಾಗ ಅಪ್ಪ ಮಾಡಿದ ಮೊದಲ ಕೆಲಸ ಅದರ ಡಯಲಿಗೊಂದು ಪುಟ್ಟ ಬೀಗ ಹಾಕಿದ್ದು. ಬೀಗದ ಕೈ ಅವರ ಉಡಿದಾರದಲ್ಲಿ. ಅಮ್ಮ ಯಾರ ಜೊತೆ, ಎಷ್ಟು ಹೊತ್ತು ಮಾತಾಡುತ್ತಾಳೆ ಎಂಬುದು ಅವರಿಗೆ ತಿಳಿದಿರಬೇಕಿತ್ತು. ಅಮ್ಮ ಶಾಲೆ ಮೆಟ್ಟಿಲು ಹತ್ತಿದವಳಲ್ಲ. ಆದರೂ ರಿಸೀವರ್ ಇಡುವ ಕಡೆ ಇರುವ ಗುಂಡಿಯನ್ನೇ ಎಣಿಸಿ ಎಣಿಸಿ ಟಕಟಕ ತಟ್ಟಿ, ಡಯಲ್ ಮುಟ್ಟದೆಯೇ ಕೆ.ಆರ್. ಪುರದ ತಂಗಿಗೆ ಫೋನ್ ಮಾಡುವುದನ್ನು ಕಲಿತಳು. ನಾಲ್ಕಕ್ಕೆ ನಾಲ್ಕು ಸಲ, ಒಂಬತ್ತಕ್ಕೆ ಒಂಬತ್ತು ಸಲ. ಅಪ್ಪ ಸಾಯುವವರೆಗೂ ಆ ಬೀಗವನ್ನು ನಂಬಿದ್ದರು. ಇದರಿಂದ ನಾನು ಕಲಿಯಬೇಕಾದದ್ದು ಒಂದು, ಕಲಿತದ್ದು ಇನ್ನೊಂದು. ಬರೀ ಬೀಗ ಸಾಲದು ಎಂದುಕೊಂಡೆ.

ನನ್ನ ಹೆಂಡತಿ ಮನೆಮನೆಗೆ ಹೋಗಿ ಮಕ್ಕಳಿಗೆ ಕನ್ನಡ ಟ್ಯೂಷನ್ ಹೇಳುತ್ತಿದ್ದಳು. ಸೋಮವಾರ, ಬುಧವಾರ, ಶುಕ್ರವಾರ ಬೆನ್ಸನ್ ಟೌನ್. ಉಳಿದ ಮೂರು ದಿನ ಇಂದಿರಾನಗರ. ಮನೆಯಲ್ಲಿ ತಮಿಳೋ ಇಂಗ್ಲಿಷೋ ಆಡಿಕೊಂಡು, ಬೇರೆಲ್ಲದರಲ್ಲೂ ಪಾಸಾಗಿ ಕನ್ನಡದಲ್ಲಿ ಮಾತ್ರ ಡುಮ್ಕಿ ಹೊಡೆಯುವ ಮಕ್ಕಳು ಅವಳ ಪಾಲಿಗೆ ಬರುತ್ತಿದ್ದರು. ನಮ್ಮ ಮಗಳಿಗೆ ಆಗ ಮೂರು ವರ್ಷ; ಅವಳನ್ನು ಅಮ್ಮ ನೋಡಿಕೊಳ್ಳುತ್ತಿದ್ದಳು. ನನ್ನ ಹೆಂಡತಿ ಎಲ್ಲರ ಜೊತೆ ಸಲೀಸಾಗಿ ಬೆರೆಯುವವಳು. ಬಸ್ಸಿನಲ್ಲಿ ಪಕ್ಕ ಕೂತವರ ಮನೆಯ ಮದುವೆ, ಮುಂಜಿ, ಮೊಣಕಾಲು ನೋವಿನವರೆಗೆ ಎಲ್ಲ ತಿಳಿದುಕೊಂಡೇ ಇಳಿಯುತ್ತಿದ್ದಳು. ನಾನೋ ದಿನವಿಡೀ ಅಂಗಡಿಯ ಹಿಂಬದಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವವನು. ಅವಳ ಹಗಲಿನಲ್ಲಿ ನನಗೆ ಗೊತ್ತಿಲ್ಲದ ಎಷ್ಟೊಂದು ಜನ ಇದ್ದರು. ಹೊಟ್ಟೆಕಿಚ್ಚು ಅನ್ನಿ. ನಾನು ಆಗ ಅದನ್ನು ಕಾಳಜಿ ಎಂದು ಕರೆಯುತ್ತಿದ್ದೆ.

ಅವಳಿಗೆ ಮೊಬೈಲ್ ಕೊಡಿಸಿದ್ದು ನಾನೇ. ಎರಡು ಸಾವಿರದ ಮೂರೋ ನಾಲ್ಕೋ ಇರಬೇಕು. ಶಿವಾಜಿನಗರದ ಒಂದು ಗಲ್ಲಿಯಲ್ಲಿ ಹಳೆಯ ಸೆಟ್ಟುಗಳನ್ನು ಮಾರುತ್ತಿದ್ದವನು ಒಂದನ್ನು ಎತ್ತಿ ತೋರಿಸಿದ. ‘ಇದ್ರಲ್ಲಿ ಏರಿಯಾ ಬರ್ತದೆ ನೋಡಿ ಸಾಬ್. ಎಲ್ಲಿ ಹೋಗ್ತೀರೋ ಆ ಜಾಗದ ಹೆಸ್ರು ತಾನೇ ಬರ್ತದೆ.’ ಪರದೆಯ ಮೇಲೆ ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ ಶಿವಾಜಿನಗರ ಎಂದಿತ್ತು. ಹತ್ತಿರದ ಟವರು ಯಾವ ಬಡಾವಣೆಯದೋ ಅದರ ಹೆಸರು ಕಾಣಿಸುತ್ತದೆಯಂತೆ. ಬೇರೆ ಒಳ್ಳೆಯ ಸೆಟ್ಟುಗಳೂ ಇದ್ದವು. ನಾನು ಅದನ್ನೇ ತೆಗೆದುಕೊಂಡೆ. ಮಗು ಇರುವ ಮನೆ, ಅವಳ ಕೈಗೊಂದು ಫೋನಿದ್ದರೆ ಒಳ್ಳೆಯದು ಎಂದು ಎಲ್ಲರಿಗೂ ಹೇಳಿಕೊಂಡು ಬಂದೆ.

ನನಗೆ ವಾರದ ರಜೆ ಶುಕ್ರವಾರ. ಅಂಥ ಒಂದು ಶುಕ್ರವಾರ ಮಧ್ಯಾಹ್ನ ಎರಡೂವರೆಗೆ ಅವಳ ಫೋನು ಎರಡು ಸಲ ರಿಂಗಾಗಿ ನಿಂತಿತು. ಅವಳು ಅದನ್ನು ಎತ್ತಲೂ ಇಲ್ಲ, ನೋಡಲೂ ಇಲ್ಲ. ಬ್ಯಾಗ್ ಹೆಗಲಿಗೆ ಹಾಕಿಕೊಂಡು ಹೊರಟಳು. ‘ಯಾರದು?’ ಅಂದೆ. ‘ಮಿಸ್ಡ್ ಕಾಲ್’ ಅಂದಳು, ಚಪ್ಪಲಿ ಮೆಟ್ಟಿಕೊಳ್ಳುತ್ತಾ. ಕೇಳಿದ್ದಕ್ಕೆ ಅದು ಉತ್ತರವೇ ಅಲ್ಲ. ಮಾರನೆಯ ಬೆಳಿಗ್ಗೆ ಅವಳು ಸ್ನಾನಕ್ಕೆ ಹೋದಾಗ ಫೋನ್ ತೆರೆದು ನೋಡಿದೆ. ದಿನವೂ ಮಧ್ಯಾಹ್ನ, ದಿನವೂ ಸಂಜೆ, ಹೆಸರಿಲ್ಲದ ಅದೇ ನಂಬರು. ಯಾರು ಅದು ಎಂದು ಅವಳನ್ನೇ ನೇರವಾಗಿ ಕೇಳಿದ್ದರೆ ಈ ಬರಹಕ್ಕೆ ಜಾಗವೇ ಇರುತ್ತಿರಲಿಲ್ಲ. ಕೇಳಲಿಲ್ಲ. ನಂಬರನ್ನು ಅಂಗೈ ಮೇಲೆ ಬರೆದುಕೊಂಡು ಅಂಗಡಿಗೆ ಹೋದೆ.

ನಮ್ಮ ಅಂಗಡಿ ಕಿರಿದು. ಕಣ್ಣು ಪರೀಕ್ಷೆಗೆ ಬೇಕಾದಷ್ಟು ದೂರ ಸಿಗಲೆಂದು ಅಕ್ಷರಗಳ ಬೋರ್ಡನ್ನು ಒಳಗಿನ ಗೋಡೆಗೆ ಹಾಕಿ, ಗಿರಾಕಿಯನ್ನು ಬಾಗಿಲ ಹೊಸ್ತಿಲಲ್ಲೇ ಕುರ್ಚಿ ಹಾಕಿ ಕೂರಿಸುತ್ತಿದ್ದರು. ಬಾಗಿಲ ಹೊರಗಿನ ಕಂಬಕ್ಕೆ ಪಕ್ಕದ ಬೇಕರಿಯವರು ಒಂದು ರೂಪಾಯಿ ನಾಣ್ಯದ ಫೋನನ್ನು ತೂಗುಹಾಕಿದ್ದರು. ಮಾಲೀಕರ ಕಿವಿಗೆ ಬೀಳಬಾರದೆಂದು ನಾನು ಅದರಿಂದ ಆ ನಂಬರಿಗೆ ಮಾಡಿದೆ. ಗಂಡಸಿನ ದನಿ. ‘ಹಲೋ, ಯಾರ್ ಬೇಕು?’ ಕಟ್ ಮಾಡಿದೆ. ಮುಂದಿನ ವಾರ ಮತ್ತೆ ಮಾಡಿದೆ, ಅದರ ಮುಂದಿನ ವಾರವೂ. ಅದೇ ದನಿ. ಗಂಡಸು ಎನ್ನುವುದಷ್ಟೇ ನನಗೆ ಸಾಕಾಗಿತ್ತು, ಉಳಿದದ್ದನ್ನು ನನ್ನ ತಲೆಯೇ ತುಂಬಿಕೊಂಡಿತು.

ಅದರ ಜೊತೆಗೇ ಅಂಗಡಿಯ ಫೋನಿನಿಂದ ಅವಳಿಗೆ ದಿನಕ್ಕೆ ಮೂರು ಸಲ ಮಾಡತೊಡಗಿದೆ.

‘ಎಲ್ಲಿದೀಯ?’

‘ಟ್ಯೂಷನ್ ಮನೇಲಿ.’

‘ಮೇಲೇನು ಬರ್ದಿದೆ ನೋಡು.’

ಮೊದಲ ದಿನ ಅವಳು ನಕ್ಕಳು. ‘ಏನ್ರೀ, ನಂಗೇ ಪಾಠ ಓದಿಸ್ತೀರಾ?’ ಎಂದು ಪರದೆಯ ಮೇಲಿದ್ದದ್ದನ್ನು ಒಂದನೇ ಕ್ಲಾಸಿನ ಮಗುವಿನ ಹಾಗೆ ಎಳೆದೆಳೆದು ಓದಿದಳು. ಎರಡನೆಯ ವಾರ ನಗು ನಿಂತಿತು. ಮೂರನೆಯ ವಾರದ ಹೊತ್ತಿಗೆ ನಾನು ಕೇಳುವುದಕ್ಕೂ ಮೊದಲೇ, ‘ಬೆನ್ಸನ್ ಟೌನ್. ಹೇಳಿ’ ಎನ್ನುತ್ತಿದ್ದಳು. ಊಟ ಆಯ್ತಾ ಎನ್ನುವುದು ಯಾವ ದಿನ ನಿಂತಿತೋ ನನಗೆ ನೆನಪಿಲ್ಲ. ಆಗ ಅದು ನಿಂತದ್ದು ಗಮನಕ್ಕೇ ಬಂದಿರಲಿಲ್ಲ. ಬಳಸಿ ಬಿಸಾಡುವ ಲೆನ್ಸ್ ಕವರುಗಳ ಹಿಂದೆ ವಾರ, ಹೊತ್ತು, ಜಾಗ ಎಂದು ಬರೆದು ಜೇಬಿಗಿಡುವುದರಲ್ಲೇ ಮುಳುಗಿದ್ದೆ.

ಬಟ್ಟೆ ಒಗೆಯುವಾಗ ಅಮ್ಮನಿಗೆ ಆ ಕವರುಗಳು ಸಿಕ್ಕವು. ಅವಳಿಗೆ ಓದಲು ಬಾರದು. ಸೊಸೆಯ ಕೈಗೆ ಕೊಟ್ಟು ಓದಿಸಿದಳೋ ಏನೋ, ನಾನು ಕೇಳಲಿಲ್ಲ. ಸಂಜೆ ನನ್ನ ಮುಂದೆ ಒದ್ದೆ ಕಾಗದಗಳನ್ನು ಹಾಕಿ, ‘ಅನುಮಾನಂ ಪೆದ್ದರೋಗಂ ಅಂತಾರೆ, ಅನುಮಾನಾನೇ ದೊಡ್ಡ ರೋಗ. ನಿಮ್ಮಪ್ಪಂಗೆ ಬೀಗ ಇತ್ತು, ನಿಂಗೆ ಇದು’ ಅಂದಳು. ‘ನಿನಗೆ ಗೊತ್ತಾಗಲ್ಲ ಸುಮ್ನಿರಮ್ಮ’ ಎಂದೆ. ಬೀಗ ಹಾಕಿದ ಫೋನಿನಲ್ಲಿ ವರ್ಷಗಟ್ಟಲೆ ಮಾತಾಡಿದವಳಿಗೆ ಹೇಳಿದ ಮಾತು ಅದು.

ಒಂದು ಬುಧವಾರ ನಾಲ್ಕು ಗಂಟೆಗೆ ಮಾಡಿದೆ. ‘ಫ್ರೇಜರ್ ಟೌನ್. ಹೇಳಿ’ ಅಂದಳು.

ಬುಧವಾರ ಅಂದರೆ ಬೆನ್ಸನ್ ಟೌನ್. ಫೋನಿಟ್ಟು, ಹೊಟ್ಟೆನೋವೆಂದು ಮಾಲೀಕರಿಗೆ ಹೇಳಿ, ಆ ಟ್ಯೂಷನ್ ಮನೆಗೆ ಹೊರಟೆ. ವಿಳಾಸವನ್ನು ಅವಳೇ ನಮ್ಮ ಅಡುಗೆಮನೆ ಕ್ಯಾಲೆಂಡರಿನ ಮೇಲೆ ಬರೆದಿಟ್ಟಿದ್ದಳು. ದಾರಿಯುದ್ದಕ್ಕೂ, ಅವಳು ಅಲ್ಲಿ ಇರದಿರಲಿ ಎಂದೇ ಬಯಸುತ್ತಿದ್ದೆ. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ. ಅಷ್ಟು ದಿನ ಪಟ್ಟ ಪಾಡು ಸುಳ್ಳಾಗಬಾರದು, ಅಷ್ಟೇ ನನಗೆ ಬೇಕಿದ್ದದ್ದು.

ಹಂಚಿನ ಹಳೆಯ ಮನೆ, ಮುಂದೆ ಮರದ ಗೇಟು. ಜಗುಲಿಯಲ್ಲಿದ್ದ ಅಜ್ಜಿಯೊಬ್ಬರಿಗೆ ನಾನು ಯಾರೆಂದು ಹೇಳಿದೆ. ಅವರು ಒಳಗೆ ತಿರುಗಿ, ‘ಟೀಚರ್, ನಿಮ್ಮ ಯಜಮಾನ್ರು ಬಂದಿದಾರೆ ನೋಡಮ್ಮ!’ ಎಂದು ಕೂಗಿದರು. ಒಳಗಿನಿಂದ ಎರಡು ಮಕ್ಕಳು ಕಾಗುಣಿತ ಹೇಳುತ್ತಿದ್ದದ್ದು ನಿಂತಿತು. ಕೈಯಲ್ಲಿ ಚಾಕ್‌ಪೀಸ್ ಹಿಡಿದುಕೊಂಡೇ ಅವಳು ಹೊರಗೆ ಬಂದಳು.

‘ಇಲ್ಲೇ ಒಬ್ಬರಿಗೆ ಕನ್ನಡಕ ಕೊಡೋದಿತ್ತು’ ಅಂದೆ.

ಅವಳು ನನ್ನ ಬರಿಗೈಗಳನ್ನು ನೋಡಿದಳು. ಒಳಗೆ ಹೋಗಿ ಫೋನ್ ತಂದು, ಗೇಟಿನ ಹತ್ತಿರ ನನ್ನ ಪಕ್ಕ ನಿಂತು ಪರದೆಯನ್ನು ನನ್ನ ಕಣ್ಣ ಮುಂದೆ ಹಿಡಿದಳು. ಬೆನ್ಸನ್ ಟೌನ್ ಎಂದಿತ್ತು. ‘ಬನ್ನಿ’ ಅಂದಳು. ಜಗುಲಿ ದಾಟಿ, ಹಾಲ್ ದಾಟಿ, ಮಕ್ಕಳು ಕೂತಿದ್ದ ಹಿಂದಿನ ಕೋಣೆಗೆ ಕರೆದುಕೊಂಡು ಹೋದಳು. ಸ್ವಲ್ಪ ಹೊತ್ತು ಇಬ್ಬರೂ ಪರದೆ ನೋಡುತ್ತಾ ನಿಂತೆವು. ಅಕ್ಷರ ಒಮ್ಮೆ ಅಳಿಸಿ ಫ್ರೇಜರ್ ಟೌನ್ ಎಂದು ಬಂತು.

‘ಗೇಟಲ್ಲಿ ಅದು, ಇಲ್ಲಿ ಇದು. ಮನೆ ಒಂದೇ’ ಅಂದಳು. ಮಕ್ಕಳಿಗೆ ಕಾಗುಣಿತ ತಪ್ಪಿದಾಗ ಹೇಳುವ ದನಿಯಲ್ಲೇ. ‘ಐದೂವರೆಗೆ ಮುಗಿಯತ್ತೆ. ಕೂತ್ಕೊಳ್ಳಿ.’

ಜಗುಲಿಯಲ್ಲಿ ಕೂತೆ. ಅಜ್ಜಿ ಕಾಫಿ ಕೊಟ್ಟರು. ಐದೂವರೆಗೆ ಅವಳ ಫೋನು ಎರಡು ಸಲ ರಿಂಗಾಗಿ ನಿಂತಿತು, ಅದೇ ನಂಬರು. ‘ಆಟೋ ಬಂತು’ ಎಂದಳು. ಬೀದಿ ಮೂಲೆಯಲ್ಲಿ ನರೆತ ಮೀಸೆಯ ಡ್ರೈವರೊಬ್ಬರು ಕಾಯುತ್ತಿದ್ದರು. ಹಿಂದಿನ ಸೀಟಿನಲ್ಲಿ ಇನ್ನೊಬ್ಬ ಟೀಚರ್ ಆಗಲೇ ಕೂತಿದ್ದರು. ನಮ್ಮ ಕಡೆಯ ಮೂವರು ಟ್ಯೂಷನ್ ಟೀಚರುಗಳು ಸೇರಿ ಆ ಆಟೋ ಗೊತ್ತು ಮಾಡಿಕೊಂಡಿದ್ದರಂತೆ. ಎರಡು ರಿಂಗ್ ಕೊಟ್ಟರೆ ಮೂಲೆಗೆ ಬನ್ನಿ ಎಂದು ಅರ್ಥ. ಊರೆಲ್ಲ ಆಗ ಹೀಗೇ ಮಿಸ್ಡ್ ಕಾಲಿನಲ್ಲೇ ನಡೆಯುತ್ತಿತ್ತು, ನನಗೆ ಮಾತ್ರ ಹೊಳೆದಿರಲಿಲ್ಲ.

ನನ್ನ ದುರದೃಷ್ಟಕ್ಕೆ ಡ್ರೈವರಿಗೆ ಮಾತಿನ ಚಟ. ‘ಟೀಚರಮ್ಮ, ಈ ವಾರ ಆ ಫೋನ್ ಬರ್ಲಿಲ್ಲ’ ಎಂದು ಶುರು ಮಾಡಿ, ನನಗೂ ವಿವರಿಸಿದರು. ‘ಯಾರೋ ಮಾಡ್ತಾನೆ ಸಾರ್, ಮಾತೇ ಆಡಲ್ಲ. ಹಿಂದ್ಗಡೆ ಯಾರೋ ಠ, ಗ, ರ ಅಂತ ಅಕ್ಷರ ಓದ್ತಾ ಇರ್ತಾರೆ. ಟೀಚರಮ್ಮನ ಸ್ಟೂಡೆಂಟೇ ಇರ್ಬೇಕು ಅನ್ಕೊಂಡೆ.’

‘ಯಾವ ಮೇಷ್ಟ್ರೂ ಠದಿಂದ ಶುರು ಮಾಡಲ್ಲ ಅಂದೆ ನಾನು’ ಎಂದಳು ಅವಳು, ಹೊರಗೆ ನೋಡುತ್ತಾ.

ನಮ್ಮ ಅಂಗಡಿಯ ಬೋರ್ಡಿನ ತಲೆಯಲ್ಲಿ ಅಂಗೈ ಅಗಲದ ಠ ಇದೆ. ಅದರ ಕೆಳಗೆ ಗ, ರ. ಅವಳು ಹಾಕಿಕೊಂಡಿದ್ದ ಕನ್ನಡಕಕ್ಕೂ ಆ ಕುರ್ಚಿಯಲ್ಲಿ ಕೂತು ಅದನ್ನೇ ಓದಿದ್ದಳು.

‘ಯಾರು ಅಂತ ಗೊತ್ತಾಯ್ತಾ ಟೀಚರಮ್ಮ?’

‘ಗೊತ್ತು. ಪಾಪ, ಕಣ್ಣು ಸರಿ ಇಲ್ಲ.’

ಡ್ರೈವರ್ ನಕ್ಕರು. ಬಾಣಸವಾಡಿ ರೈಲ್ವೆ ಗೇಟು ಬರುವವರೆಗೂ ನಾನು ನನ್ನ ಮೊಣಕಾಲು ನೋಡುತ್ತಾ ಕೂತಿದ್ದೆ.

ಮನೆಯಲ್ಲಿ ರಂಪವಾಗಲಿಲ್ಲ. ಆಗಿದ್ದರೆ ಚೆನ್ನಾಗಿತ್ತು, ಬೈದರೆ ಬೈಸಿಕೊಂಡು ಹಗುರಾಗಬಹುದಿತ್ತು. ಅವಳು ಎಂದಿನಂತೆ ಮುದ್ದೆ ಬಡಿಸಿದಳು, ಮಗಳನ್ನು ಮಲಗಿಸಿದಳು. ಎರಡು ದಿನ ಬಿಟ್ಟು ನಾನೇ, ‘ಇನ್ನು ಜಾಗ ಹೇಳೋದು ಬೇಡ’ ಅಂದೆ. ತಪ್ಪಾಯಿತು ಎನ್ನುವ ಬದಲು ಬಾಯಿಗೆ ಬಂದದ್ದು ಅಷ್ಟೇ.

‘ರೂಢಿ ಆಗ್ಬಿಟ್ಟಿದೆ ರೀ’ ಅಂದಳು. ಸಿಟ್ಟೇನೂ ಇರಲಿಲ್ಲ ಆ ಮಾತಿನಲ್ಲಿ.

ರೂಢಿ ಹೋಗಲಿಲ್ಲ. ಆ ಫೋನ್ ಕೆಟ್ಟು, ಜಾಗದ ಹೆಸರೇ ಬಾರದ ಹೊಸದು ಬಂತು. ಆದರೂ ಅವಳ ಮಾತು ಜಾಗದಿಂದಲೇ ಶುರುವಾಗುತ್ತಿತ್ತು. ಅಮ್ಮನನ್ನು ಆಸ್ಪತ್ರೆಗೆ ಸೇರಿಸಿದ ದಿನ, ‘ಹಲಸೂರು, ನರ್ಸಿಂಗ್ ಹೋಮು, ಎರಡನೇ ಮಹಡಿ. ಅಮ್ಮಂಗೆ ಜ್ವರ ಇಳಿದಿದೆ’ ಎಂದಳು. ಅಂಥ ಹೊತ್ತಿನಲ್ಲೂ ಜ್ವರಕ್ಕಿಂತ ಮೊದಲು ಮಹಡಿ ಬಂದಿತ್ತು. ನಾನೂ ಒಂದು ಫೋನ್ ಇಟ್ಟುಕೊಂಡ ಮೇಲೆ ಉಪಾಯ ಹೂಡಿದೆ. ಅವಳಿಗೆ ಮಾಡಿದಾಗ ಮೊದಲು ನಾನೇ ‘ಊಟ ಆಯ್ತಾ?’ ಎನ್ನತೊಡಗಿದೆ. ‘ಇಂದಿರಾನಗರ. ಆಯ್ತು’ ಎನ್ನುತ್ತಿದ್ದಳು. ನಿಮ್ಮದು ಎಂದು ಕೇಳುತ್ತಿರಲಿಲ್ಲ. ಒಳಗೊಳಗೇ ಅತ್ತದ್ದುಂಟು, ಅದನ್ನೂ ಹೇಳಿಬಿಡುತ್ತೇನೆ.

ಮಗಳಿಗೆ ಒಂಬತ್ತು ವರ್ಷವಾದಾಗ ಒಂದು ಭಾನುವಾರ ಅವಳು ಮೊದಲ ಸಲ ಒಬ್ಬಳೇ ಗೆಳತಿಯ ಮನೆಗೆ ಆಡಲು ಹೋದಳು. ಮಧ್ಯಾಹ್ನ ಅಂಗಡಿಯಲ್ಲಿದ್ದಾಗ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು.

‘ರಾಮಮೂರ್ತಿ ನಗರ’ ಎಂದಿತು ಮಗಳ ದನಿ.

‘ಏನಮ್ಮಾ?’

‘ಅಪ್ಪಾ, ನಾನು. ರಾಮಮೂರ್ತಿ ನಗರ. ಫ್ರೆಂಡ್ ಮನೆ, ಕೆಳಗಡೆ ರೂಮು.’

‘ಸರಿ ಪುಟ್ಟಾ. ಯಾಕೆ ಮಾಡ್ದೆ?’

‘ಸುಮ್ನೆ. ಬಂದೆ ಅಂತ ಹೇಳೋಕೆ.’ ನಾನು ಕೈಯಲ್ಲಿದ್ದ ಫ್ರೇಮನ್ನು ಮೇಜಿನ ಮೇಲಿಟ್ಟೆ. ಅವಳ ದನಿ ಸಣ್ಣದಾಯಿತು. ‘ನಿಜವಾಗ್ಲೂ ಅಪ್ಪಾ. ಆಂಟಿ ಇಲ್ಲೇ ಇದಾರೆ. ಬೇಕಾದ್ರೆ ಕೇಳಿ.’

‘ಬೇಡ ಪುಟ್ಟಾ, ಬೇಡ’ ಅಂದೆ. ‘ನೀನು ಊಟ...’

ಅಷ್ಟರಲ್ಲಿ ಅವಳು ಫೋನನ್ನು ಆಂಟಿಯ ಕೈಗೆ ಕೊಟ್ಟಾಗಿತ್ತು. ‘ಹೌದು ಸಾರ್’ ಎಂದರು ಆ ಹೆಂಗಸು, ‘ನಮ್ಮನೇಲೇ ಇದಾಳೆ.’