ಹೊಗೆಯಿಲ್ಲದ ಇದ್ದಿಲು

ಅಕ್ಕನ ಬಾಣಂತನ ಸದಾಶಿವ ಪೇಠೆಯ ನಮ್ಮ ಹಳೆಯ ವಾಡೆಯ ಮನೆಯಲ್ಲೇ ಆಯಿತು. ತೊಂಬತ್ತರ ದಶಕದ ಮೊದಲ ವರ್ಷಗಳು. ನಾನು ಆಗಷ್ಟೇ ರಸಾಯನಶಾಸ್ತ್ರದಲ್ಲಿ ಬಿ.ಎಸ್ಸಿ. ಮುಗಿಸಿದ್ದೆ. ಧಾರವಾಡ ಬಿಟ್ಟು ಈ ಮರಾಠಿ ಊರಿಗೆ ಬಂದು ಎಷ್ಟೋ ವರ್ಷವಾಗಿದ್ದರೂ ಅವ್ವ ಅಲ್ಲಿಯ ಪದ್ಧತಿ ಒಂದನ್ನೂ ಬಿಟ್ಟಿರಲಿಲ್ಲ. ದಿನಾ ಎಣ್ಣೆನೀರಾದ ಮೇಲೆ ತಾಯಿ-ಕೂಸನ್ನು ಹೊರಸಿನ ಮೇಲೆ ಮಲಗಿಸಿ, ಕೆಳಗೆ ಅಗ್ಗಿಷ್ಟಿಕೆಯಲ್ಲಿ ಕೆಂಡವಿಟ್ಟು ಕಾಯಿಸುತ್ತಿದ್ದಳು. ಆ ಕೋಣೆಗೆ ನಾನೂ ಸೇರಿ ಗಂಡಸರು ಯಾರೂ ಹೋಗುವಂತಿರಲಿಲ್ಲ.

ಪೇಠೆಯ ಕಟ್ಟಿಗೆ ವಖಾರಿನಿಂದ ತಂದ ಇದ್ದಿಲು ಅರೆಬೆಂದದ್ದು. ಮುರಿದರೆ ಒಳಗೆ ಇನ್ನೂ ಕಂದು ಕಟ್ಟಿಗೆ, ಹಚ್ಚಿದರೆ ಹೊಗೆ. ಅವ್ವ ಗೊಣಗುತ್ತ ಕಿಟಕಿ ತೆರೆದಿಡುತ್ತಿದ್ದಳು. ಕೂಸನ್ನು ನೋಡಲು ಬಂದ ಭಾವನ ಮುಂದೂ ಅದನ್ನೇ ಹೇಳಿದಳು. ಭಾವ ಕುರಕುಂಭದ ಹತ್ತಿರ ಇದ್ದಿಲು ಮಾಡುವ ಸಣ್ಣ ಕಾರಖಾನೆಯೊಂದರಲ್ಲಿ ಮೇಲ್ವಿಚಾರಕ. ಒಂದು ತುಂಡು ಎತ್ತಿ ನೋಡಿ ನಕ್ಕ.

“ಅತ್ತಿಯವರ, ಇದು ಇದ್ದಲಿ ಅಲ್ರಿ, ಸುಟ್ಟ ಕಟಗಿ. ಕಟಗೀನ ಮುಚ್ಚಿದ ಡ್ರಮ್ಮಿನ್ಯಾಗ ಬೇಯಿಸಬೇಕ್ರಿ. ಸ್ವಲ್ಪ ಕಾಸಿದ್ರ ನೀರಷ್ಟ ಹೋಗ್ತದ, ಹೊಗಿ ಒಳಗ ಉಳೀತದ. ಭಾಳ ಕಾಸಿದ್ರ ಹೊಗಿ, ಡಾಂಬರು ಎಲ್ಲಾ ಹೊರಬಿದ್ದು ಬರೇ ಇದ್ದಲಿ ಉಳೀತದ. ಬಡದ್ರ ಠಣ್ ಅಂತದ.”

“ಅಳಿಯಂದ್ರು ಅಡಿಗಿ ಛಲೋ ಕಲ್ತೀರಿ ಬಿಡ್ರಿ,” ಎಂದಳು ಅವ್ವ. “ನನ್ನ ಮಗಳಿಗೆ ಅನ್ನ ಮಾಡ್ಲಿಕ್ಕೆ ಬರೂದಿಲ್ಲ. ಜೋಡಿ ಸರಿ ಆತು.”

ಮುಂದಿನ ಸಲ ಅವನು ಒಂದು ಚೀಲ ತಂದ. ಹಗುರ, ಮಿರುಗುವ ಕಪ್ಪು. ಕೆಂಡವಾದಾಗ ಒಂದೆಳೆ ಹೊಗೆಯಿಲ್ಲ. ಅವ್ವನಿಗೆ ಹಿಗ್ಗು. ಹೊಗೆಯೇ ಇಲ್ಲದ ಮೇಲೆ ಕಿಟಕಿ ಯಾಕೆ? ಬಾಣಂತಿಗೆ ಗಾಳಿ ಸೋಕಬಾರದು. ಕಿಟಕಿ ಮುಚ್ಚಿ, ಸಂದಿಗೆ ಹಳೆಯ ಸೀರೆ ತುರುಕಿದಳು.

ಅಂದು ಮಧ್ಯಾಹ್ನ ನಾನು ಪಡಸಾಲೆಯಲ್ಲಿ ಪೇಪರು ಓದುತ್ತಿದ್ದೆ. ಒಳಗಿನಿಂದ ಅಕ್ಕ, “ಯವ್ವಾ, ತಲಿ ಭಾಳ ನೋಯ್ತದ,” ಎಂದದ್ದು ಕೇಳಿಸಿತು. “ಪಿತ್ತ ಇರಬೇಕು, ಮಲಕೋ,” ಎಂದು ಅವ್ವ ಬಾಗಿಲು ಮುಂದೆ ಮಾಡಿ ಅಂಗಳದ ನಳದ ಕಡೆ ಬಟ್ಟೆ ಒಗೆಯಲು ಹೋದಳು. ಆಮೇಲೆ ಏನೋ ಧಪ್ಪೆಂದು ಬಿದ್ದ ಸದ್ದು. ಬಾಗಿಲು ದೂಡಿದೆ. ಏಳಲು ಹೋದ ಅಕ್ಕ ನೆಲಕ್ಕೆ ಬಿದ್ದಿದ್ದಳು. ಕುಂಚಿಗೆಯೊಳಗಿನ ಕೂಸು ಕರೆದರೂ ಮಿಸುಕಲಿಲ್ಲ. ಕೋಣೆ ಎಷ್ಟು ಸ್ವಚ್ಛವಿತ್ತೆಂದರೆ, ಕೆಟ್ಟ ವಾಸನೆಯೂ ಇರಲಿಲ್ಲ. ಸಂದಿಯ ಸೀರೆ ಕಿತ್ತು ಕಿಟಕಿ ತೆರೆದು, ಇಬ್ಬರನ್ನೂ ಅಂಗಳಕ್ಕೆ ತಂದೆ. ಈಗಲೂ ಕಣ್ಣು ಮುಚ್ಚಿದರೆ ಆ ಸ್ವಚ್ಛ ಕೋಣೆಯೇ ಬರುತ್ತದೆ; ಪ್ರತಿ ಸಲವೂ ನಾನು ಕಿಟಕಿ ಮುಟ್ಟುವುದು ತಡವಾಗುತ್ತದೆ.

ಆಸ್ಪತ್ರೆಯಲ್ಲಿ ಆಮ್ಲಜನಕ ಕೊಟ್ಟರು. ಕೂಸು ಅತ್ತಿತು, ಅಕ್ಕ ಕಣ್ಣು ಬಿಟ್ಟಳು. ಆಮೇಲೆ ಡಾಕ್ಟರು ವರಾಂಡಕ್ಕೆ ಬಂದು ಮರಾಠಿಯಲ್ಲಿ ಸಿಟ್ಟಿನಿಂದ ಕೇಳಿದರು: ಹೊಗೆ ಇಲ್ಲ ಅಂದರೆ ವಿಷ ಇಲ್ಲ ಅಂತಲೇ? ಮನೆಯಲ್ಲಿ ಓದಿದವರು ಯಾರೂ ಇಲ್ಲವೇ?

ಮುಚ್ಚಿದ ಕೋಣೆಯ ಕೆಂಡದಿಂದ ಏಳುವ, ಬಣ್ಣ-ವಾಸನೆಯಿಲ್ಲದ ಇಂಗಾಲದ ಮಾನಾಕ್ಸೈಡಿನ ಬಗ್ಗೆ ನಾನು ಪರೀಕ್ಷೆಯಲ್ಲಿ ಪುಟ ತುಂಬ ಬರೆದವನು. ಅವ್ವ ನನ್ನ ಕಡೆ ನೋಡದೆ, ತನಗೆ ಬರುವ ಮರಾಠಿಯಲ್ಲಿ, ಯಾರೂ ಇಲ್ಲ, ಮನೆಯಲ್ಲಿ ನಾನೊಬ್ಬಳೇ ಇದ್ದೆ ಎಂದುಬಿಟ್ಟಳು. ನಾನು ಪಕ್ಕದಲ್ಲೇ ನಿಂತಿದ್ದೆ. ಡಾಕ್ಟರು ಅವಳನ್ನು ಇನ್ನಷ್ಟು ಬೈದರು. ಅವಳು ಸೆರಗು ಹಿಡಿದು ತಲೆತಗ್ಗಿಸಿ ಕೇಳಿಸಿಕೊಂಡಳು.

ಮನೆಗೆ ಬಂದ ಮೇಲೆ ಅವ್ವ ಕೂಸನ್ನು ಮುಟ್ಟಲಿಲ್ಲ. ಎಣ್ಣೆನೀರು ಎರೆಯಲು ನೆರೆಮನೆಯವರನ್ನು ಕರೆದಳು. ಕಡೆಗೆ ಅಕ್ಕನೇ ಕೂಸನ್ನೆತ್ತಿ ಅವಳ ಮುಂದೆ ಚಾಚಿದಳು. “ಹಿಡಿ ಯವ್ವಾ, ನನ್ನ ಕೈ ನೋಯ್ತಾವ.”

ಅವ್ವ ಎರಡು ಕೈಯನ್ನೂ ಸೀರೆಗೆ ಒರೆಸಿಕೊಂಡಳು. ಮತ್ತೆ ಒರೆಸಿಕೊಂಡಳು. “ಅವನ ಕಡೆ ಕೊಡು,” ಎಂದಳು. “ಅಂವಾ ಉಳಿಸಿದಾಂವ.”

ಕೂಸು ನನ್ನ ಕೈಗೆ ಬಂತು. ಅವ್ವ ಒಳಗೆ ಹೋದಳು. ಅವಳ ಹಿಂದೆ ಹೋಗಿ ಕೂಸನ್ನು ಅವಳ ಉಡಿಗೆ ಹಾಕುವ ಮುಖ ನನಗಿರಲಿಲ್ಲ.