ಕಾರಿನ ಸದ್ದೂ ಗೋವಿನಕೋವಿಯ ಊಟವೂ

ನನ್ನ ಕಾರಿನಲ್ಲಿ ಹಾಡು ಕೇಳುವ ವ್ಯವಸ್ಥೆ ಇದೆ, ಆದರೆ ನಾನು ಹಾಡು ಹಾಕುವುದಿಲ್ಲ. ಹಾಕಿದರೆ ಕಾರಿನ ಸದ್ದು ಕೇಳಿಸುವುದಿಲ್ಲವಲ್ಲ ಎಂಬ ಭಯ. ಜಗಳೂರಿನಿಂದ ಬಿಳಿಚೋಡಿನ ಹೈಸ್ಕೂಲಿಗೆ ದಿನವೂ ಪಾಠ ಮಾಡಲು ಹೋಗುವ ನಾನು ದಾರಿಯುದ್ದಕ್ಕೂ ಒಂದು ಕಿವಿಯನ್ನು ಬಾನೆಟ್ಟಿಗೂ ಇನ್ನೊಂದನ್ನು ಹಿಂದಿನ ಚಕ್ರಕ್ಕೂ ಕೊಟ್ಟು ಕೂತಿರುತ್ತೇನೆ. ಸದ್ದು ಬಂದರೆ ಏನೋ ಕೆಟ್ಟಿತೆಂಬ ಚಿಂತೆ. ಬರದಿದ್ದರೆ, ನಿನ್ನೆ ಇದ್ದ ಸದ್ದು ಇವತ್ತು ಎಲ್ಲಿಗೆ ಹೋಯಿತೆಂದು ಅದಕ್ಕಿಂತ ದೊಡ್ಡ ಚಿಂತೆ. ಪಕ್ಕದಲ್ಲಿ ಕೂತವರು ಮಾತು ತೆಗೆದರೆ ಕೈಯೆತ್ತಿ ತಡೆಯುತ್ತೇನೆ. ಹೀಗಾಗಿ ಈಗ ಪಕ್ಕದಲ್ಲಿ ನನ್ನ ಹೆಂಡತಿ ಗಿರಿಜೆಯ ಹೊರತು ಯಾರೂ ಕೂರುವುದಿಲ್ಲ. ಅವಳಿಗೆ ಬೇರೆ ದಾರಿಯಿಲ್ಲ.

ಹನ್ನೊಂದು ವರ್ಷ ಈ ಚಿಂತೆಯನ್ನೆಲ್ಲ ನಮ್ಮೂರ ಮೆಕ್ಯಾನಿಕ್ ದಾದಾಪೀರ್ ಸಾಬರು ಹೊತ್ತಿದ್ದರು. ನಾನು ಯಾವ ಸದ್ದನ್ನು ಬಣ್ಣಿಸಿದರೂ, ಕೆಲವನ್ನು ಬಾಯಿಂದ ಮಾಡಿ ತೋರಿಸಿದರೂ, ಅವರದು ಒಂದೇ ಉತ್ತರ: "ಓಡಿಸ್ರಿ ಸಾರ್, ಏನೂ ಆಗಲ್ಲ." ಏನೂ ಆಗುವುದಿಲ್ಲ ಎಂಬ ಮಾತಿನಿಂದ ನನ್ನಂಥವನಿಗೆ ಸಮಾಧಾನ ಸಿಗುವುದಿಲ್ಲ, ಅವಮಾನವಾಗುತ್ತದೆ. ಅದೇ ಹೊತ್ತಿಗೆ ಫೋನಿನಲ್ಲಿ ಕಾರು ರಿಪೇರಿಯ ವಿಡಿಯೊಗಳ ರುಚಿ ಹತ್ತಿತು. ನಟ್ಟು ಬಿಚ್ಚುವ ಪಾನಾ ಒಂದು ಸೆಟ್ ಕೊಂಡೆ. ಚಕ್ರದ ಗಾಳಿ ನೋಡುವುದು, ಕೂಲೆಂಟ್ ತುಂಬುವುದು, ಆಯಿಲ್ ಕಡ್ಡಿಯನ್ನು ಎಳೆದು ಒರೆಸಿ ಗಂಭೀರವಾಗಿ ದಿಟ್ಟಿಸುವುದು, ಎಲ್ಲ ಕಲಿತೆ. ಏರ್ ಫಿಲ್ಟರನ್ನು ಮೆಟ್ಟಿಲಿಗೆ ಬಡಿದಾಗ ಒಂದು ಪಾತಿ ಮಾಡುವಷ್ಟು ಮಣ್ಣು ಬಿತ್ತು. ಅದನ್ನು ಕಂಡ ಸಂತೋಷಕ್ಕೆ ನೇರ ಸಾಬರ ಶೆಡ್ಡಿಗೆ ಹೋಗಿ, "ಇನ್ನು ಸಣ್ಣಪುಟ್ಟದ್ದಕ್ಕೆಲ್ಲ ನಿಮಗೆ ತೊಂದ್ರೆ ಕೊಡಲ್ಲ, ನಾನೇ ಮಾಡ್ಕೊತೀನಿ" ಎಂದು ಘೋಷಿಸಿ ಬಂದೆ.

"ಮಾಡ್ರಿ ಸಾರ್, ಒಳ್ಳೇದು," ಎಂದರು. ಸಿಟ್ಟಾಗಿದ್ದರೆ ನನಗೆ ಎಷ್ಟೋ ಹಿತವಾಗುತ್ತಿತ್ತು.

ಸ್ವಂತ ರಿಪೇರಿ ಹೊಸ ಹುಚ್ಚೇನಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ನಮ್ಮಜ್ಜ ಎತ್ತಿನ ಗಾಡಿಯ ಅಚ್ಚಿಗೆ ಕೀಲೆಣ್ಣೆಯನ್ನು ತಾನೇ ಹಾಕುತ್ತಿದ್ದ, ಬೇರೆಯವರು ಮುಟ್ಟಿದರೆ ಗದರುತ್ತಿದ್ದ. ಆದರೆ ಚಕ್ರದ ಅರ ಅಲುಗಾಡಿದ ದಿನ ತುಟಿ ಪಿಟಕ್ಕೆನ್ನದೆ ಬಡಗಿಯ ಮನೆಗೆ ಹೊಡೆದುಕೊಂಡು ಹೋಗುತ್ತಿದ್ದ. ಎಣ್ಣೆ ತನ್ನದು, ಅರ ಬಡಗಿಯದು. ಆ ಗೆರೆ ಎಲ್ಲಿದೆಯೆಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನನಗೆ ಇಷ್ಟೊಂದು ವಿಡಿಯೊ ನೋಡಿದರೂ ಗೊತ್ತಾಗಲಿಲ್ಲ.

ಹೀಗಿರುವಾಗ ಒಂದು ಗುರುವಾರ ಹೊನ್ನಾಳಿ ಆಚೆಯ ಗೋವಿನಕೋವಿಯಿಂದ ಗಿರಿಜೆಯ ಅಣ್ಣ ರುದ್ರಪ್ಪನ ಫೋನು ಬಂತು. ನಾಲ್ಕು ವರ್ಷದ ಹಿಂದೆ ಅವರ ತಾಯಿ ತೀರಿಕೊಂಡು ಶಿವಗಣಾರಾಧನೆ ಮಾಡಿದ ದಿನ ಬಡಿಸುವ ಸಾಲಿನಲ್ಲಿ ಯಾರೋ ಏನೋ ಅಂದು, ಅಣ್ಣ ತಂಗಿ ಮಾತು ಬಿಟ್ಟಿದ್ದರು. ಈಗ ಅವನು ನನಗೆ ಫೋನು ಮಾಡಿ, "ಭಾನುವಾರ ಇಬ್ರೂ ಊಟಕ್ಕೆ ಬರ್ರಿ," ಎಂದಷ್ಟೇ ಹೇಳಿ ಇಟ್ಟುಬಿಟ್ಟ. ಗಿರಿಜೆ ಅಂದು ಸಂಜೆಯೇ ಶೇಂಗಾ ಹುರಿಯಲು ಕೂತಳು, ಹೋಳಿಗೆಗೆ.

ಮರುದಿನ ಬಿಳಿಚೋಡಿನಿಂದ ಬರುವಾಗ ಕಾರಿನ ಕೆಳಗೆ ಕರಕರ ಶುರುವಾಯಿತು. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಬಂದವನೇ ಜಾಕಿ ಕೊಟ್ಟೆ. ವಿಡಿಯೊದವನ ಕಾರಿನಲ್ಲಿ ಸದ್ದು ಮುಂದಿನ ಬಲ ಚಕ್ರದಿಂದ ಬಂದಿತ್ತು, ಆದ್ದರಿಂದ ನಾನೂ ಅದನ್ನೇ ಬಿಚ್ಚಿದೆ. ಒರೆಸಿದೆ, ಊದಿದೆ, ಮತ್ತೆ ಜೋಡಿಸಿದೆ. ಒಂದು ಸುತ್ತು ಹೊಡೆದು ಬಂದರೆ ಕರಕರ ಹಾಗೇ ಇತ್ತು.

ಭಾನುವಾರ ಬೆಳಿಗ್ಗೆ ಗಿರಿಜೆ ಹೋಳಿಗೆಯ ಡಬ್ಬಿ ಹಿಡಿದು ಗೇಟಿನ ಬಳಿ ನಿಂತಿದ್ದಳು. ಬಸ್ಸು ಬದಲಾಯಿಸಿಕೊಂಡು ಹೋದರೆ ಊಟದ ಹೊತ್ತು ಮೀರುತ್ತದೆ. ನಾನು ಇನ್ನೊಂದು ಚಕ್ರಕ್ಕೆ ಕೈಹಾಕಿದ್ದನ್ನು ಕಂಡು ಹೇಳಿದಳು: "ನಾಕು ವರ್ಷಕ್ಕೆ ಕರ್ದಾನೆ. ಗಾಡಿ ಕೆಟ್ಟಿತ್ತು ಅಂದ್ರೆ ನಂಬ್ತಾನೇನ್ರಿ? ಬರಾಕೆ ಮನಸ್ಸಿಲ್ಲ ಅಂತ ತಿಳ್ಕೊತಾನೆ." ನನಗೆ ನಾಚಿಕೆಯಾಯಿತು. ಪಾನಾ ಕೆಳಗಿಟ್ಟು, ಅವಳನ್ನು ಕೂರಿಸಿಕೊಂಡು ಸಾಬರ ಶೆಡ್ಡಿಗೆ ಕಾರು ತಿರುಗಿಸಿದೆ.

ಸಾಬರು ಬಾನೆಟ್ ಎತ್ತಲೂ ಇಲ್ಲ, ಸದ್ದು ಕೇಳಲೂ ಇಲ್ಲ. "ಯಾವ ದಾರೀಲಿ ಓಡಾಡಿದ್ರಿ ಸಾರ್?" ಎಂದರು.

"ಬಿಳಿಚೋಡಿಂದೇ."

"ಹುರುಳಿ ಹಾಕ್ಯಾರಾ ರೋಡಿಗೆ?"

ಹಾಕಿದ್ದರು. ಸುಗ್ಗಿಯಲ್ಲಿ ನಮ್ಮ ಕಡೆ ಟಾರು ರಸ್ತೆಯೇ ಕಣ, ಓಡಾಡುವ ಗಾಡಿಗಳೇ ಒಕ್ಕಣೆಯ ಎತ್ತು. ಗುರುತಿನ ರೈತರು ಕಂಡರೆಂದು ನಾನು ಮರ್ಯಾದೆಗೆ ನಿಧಾನ ಮಾಡಿ, ಹಿಂದೆ ಮುಂದೆ ಎರಡು ಸಲ ಹಾಯಿಸಿಯೂ ಇದ್ದೆ. ಸಾಬರು ಗೋಣಿ ಹಾಸಿ ಕೆಳಗೆ ನುಸುಳಿ, ಸೈಲೆನ್ಸರ್ ಪೈಪಿಗೆ ಸುತ್ತಿಕೊಂಡಿದ್ದ ಹುರುಳಿ ಬಳ್ಳಿಯ ಕಂತೆ ಎಳೆದು ನನ್ನ ಕಾಲ ಬಳಿ ಹಾಕಿದರು. "ಗಾಡಿ ಕೆಟ್ಟಿಲ್ಲ ಸಾರ್, ಒಕ್ಕಣೆ ಮಾಡೈತೆ."

ನಾನು ನಗುವಷ್ಟರಲ್ಲಿ ಅವರು ಮುಂದಿನ ಬಲ ಚಕ್ರದ ಮುಂದೆ ಕುಕ್ಕುರುಗಾಲಲ್ಲಿ ಕೂತಿದ್ದರು. "ಇದ್ನ ಯಾರು ಬಿಚ್ಚಿದ್ರು? ನಟ್ಟು ಎರಡು ಸಡಿಲ ಐತೆ." ಗಿರಿಜೆಗೆ ಕೇಳದ ಹಾಗೆ ಮೆಲ್ಲಗೆ ಹೇಳಿದರು. ಕೆಡದ ಕಾರನ್ನು ಕೆಡಿಸಿದವನು ನಾನೊಬ್ಬನೇ. ತಪ್ಪಾಯಿತು ಎಂದೆ. ಅವರು ಬಿಗಿದು ಎದ್ದು, "ಗಾಳಿ, ನೀರು, ಆಯಿಲ್ ನೀವೇ ನೋಡ್ಕೊಳ್ರಿ ಸಾರ್. ಚಕ್ರ ಬಿಚ್ಚೋ ಮುಂಚೆ ಒಂದು ಮಾತು ನನ್ನ ಕೇಳ್ರಿ," ಎಂದರು.

ಹೊನ್ನಾಳಿ ದಾಟಿ ಗೋವಿನಕೋವಿ ಮುಟ್ಟುವವರೆಗೆ ಕಾರು ಒಂದು ಸೊಲ್ಲೂ ಎತ್ತಲಿಲ್ಲ. ಗಿರಿಜೆ ಡಬ್ಬಿಯನ್ನು ಮಡಿಲಿಂದ ಇಳಿಸಲಿಲ್ಲ. ರುದ್ರಪ್ಪ ಬಾಗಿಲಲ್ಲೇ ನಿಂತಿದ್ದ. ಅಣ್ಣ ತಂಗಿಯ ಮುಖ ನೋಡಲಿಲ್ಲ, ತಂಗಿ ಡಬ್ಬಿಯ ಮುಚ್ಚಳವನ್ನೇ ನೋಡುತ್ತಿದ್ದಳು. ತನ್ನ ಟ್ರ್ಯಾಕ್ಟರನ್ನು ತಾನೇ ಬಿಚ್ಚಿ ಜೋಡಿಸುವ ಆಸಾಮಿ ಅವನು. ಬೇರೆ ಮಾತು ತೋಚದೆ ನನ್ನನ್ನು ಕೇಳಿದ: "ಗಾಡಿ ಹೆಂಗೈತ್ರಿ ಮೇಷ್ಟ್ರೇ?"

ಬೆಣ್ಣೆಯಂತೆ ಬಂತು ಎನ್ನಲು ನಾನು ಬಾಯಿ ತೆರೆದಿದ್ದೆ.

"ಇಲ್ಲಣ್ಣ," ಎಂದಳು ಗಿರಿಜೆ. "ದಾರಿ ತುಂಬ ಏನೋ ಸದ್ದು. ಒಸಿ ನೋಡು."

ಅವನು ಪಂಚೆ ಎತ್ತಿ ಕಟ್ಟಿ ಬಾನೆಟ್ ತೆರೆದ. "ಎಲ್ಲಿಂದ ಬರ್ತೈತವ್ವ?" "ಇಲ್ಲಿಂದ, ಈ ಕಡೆ." ಇಬ್ಬರೂ ಒಳಗೆ ಬಗ್ಗಿದರು. ನಾನು ಮೆಟ್ಟಿಲಿಗೆ ಬಡಿದು ಕೂರಿಸಿದ್ದ ಏರ್ ಫಿಲ್ಟರನ್ನು ಅವನು ಬಿಚ್ಚತೊಡಗಿದ. ನನ್ನ ಕೈಗಳು ತುರಿಸಿದವು, ಎರಡನ್ನೂ ಜೇಬಿಗೆ ತುರುಕಿಕೊಂಡೆ. ಬಾನೆಟ್ಟಿನ ಒಳಗಿನಿಂದ ಗಿರಿಜೆ ಮೂಗು ಏರಿಸಿಕೊಂಡದ್ದು ಕೇಳಿಸಿತು. ಆಮೇಲೆ ಅವನೂ.

ರುದ್ರಪ್ಪನ ಹೆಂಡತಿ ಹೊರಗೆ ಬಂದು, "ಊಟ ಆರ್ತೈತೆ, ಕರೀರಿ ಅವ್ರನ್ನ," ಎಂದಳು.

"ಸ್ವಲ್ಪ ತಡೀರಿ," ಎಂದೆ, "ರಿಪೇರಿ ನಡೀತೈತೆ."